ಗಲ್ಲಾದ ಕಂಪ್ಯೂಟರಿಗೆ ಶೇರ್ ಫೋಲ್ಡರ್ ಕಾಣಿಸುತ್ತೆ, ಬಿಲ್ಲಿಂಗ್ ಪ್ರೋಗ್ರಾಮಿಗೆ ಕಾಣಿಸಂಗಿಲ್ಲ: ಯಾಕ ಹಿಂಗ?

ಶಿರಹಟ್ಟಿ: ಗಲ್ಲಾದಾಗ ಒಂದು ಕಂಪ್ಯೂಟರ್, ಗೋದಾಮಿನಾಗ ಇನ್ನೊಂದು, ಒಳಗಿನ ಖೋಲಿಯಲ್ಲಿ ಲೆಕ್ಕ ಬರೆಯುವವರದು ಮತ್ತೊಂದು. ಗೊಬ್ಬರ-ಬೀಜದ ಅಂಗಡಿ, ದಲಾಲಿ ಅಂಗಡಿ, ದೊಡ್ಡ ಕಿರಾಣಿ, ಡಿಟಿಪಿ ಸೆಂಟರ್ ಇದ್ದವರಿಗೆ ಈ ವ್ಯವಸ್ಥೆ ಹೊಸದಲ್ಲ. ಕೀರ್ದಿ-ಖತಾವಣಿ ಎಲ್ಲಾ ಒಂದು ಕಂಪ್ಯೂಟರಿನ ಫೋಲ್ಡರಿನಾಗ ಇರ್ತದ, ಉಳಿದ ಎರಡು ಅದನ್ನ ನೆಟ್‌ವರ್ಕ್ ಮೂಲಕ ಬಳಸ್ತಾವ. ಇದಕ್ಕೇ ಶೇರ್ಡ್ ಫೋಲ್ಡರ್ ಅನ್ನೋದು.

ತಕರಾರು ಬರೋದು ಒಂದು ವಿಚಿತ್ರ ರೀತಿಯಲ್ಲಿ. ಮೌಸ್ ಹಿಡಿದು ನಾವೇ ತೆರೆದರೆ ಫೋಲ್ಡರ್ ತೆರೀತದ. ಅದೇ ಫೋಲ್ಡರನ್ನ ಬಿಲ್ಲಿಂಗ್ ಪ್ರೋಗ್ರಾಂ ತೆರೆಯಲು ಹೋದರೆ ‘ಪಾತ್ ಸಿಗಲಿಲ್ಲ’ ಅಥವಾ ‘ಅನುಮತಿ ಇಲ್ಲ’ ಅಂತದ. ಬಹಳ ಮಂದಿ ಇಲ್ಲಿಗೆ ಕೇಬಲ್ ಕೆಟ್ಟದ ಅಂತ ತಿಳಿದು ಹೊಸ ಕೇಬಲ್ ತರ್ತಾರ. ಕೈಯಿಂದ ತೆರೆದಾಗ ತೆರೀತದ ಅಂದ್ರ ಕೇಬಲ್ ನೆಟ್ಟಗದ. ದೋಷ ಬೇರೆ ಕಡೆ ಇದೆ.

ಝಡ್ ಡ್ರೈವ್ ಎಂಬ ಅಡ್ಡಹೆಸರು

ನೆಟ್‌ವರ್ಕ್ ಫೋಲ್ಡರಿಗೆ ಹೋಗಲು ಎರಡು ದಾರಿ. ಒಂದು, ಪೂರ್ತಿ ವಿಳಾಸ: ಎರಡು ಬ್ಯಾಕ್‌ಸ್ಲ್ಯಾಷ್, ಮುಖ್ಯ ಕಂಪ್ಯೂಟರಿನ ಹೆಸರು, ಮತ್ತೊಂದು ಬ್ಯಾಕ್‌ಸ್ಲ್ಯಾಷ್, ಶೇರ್ ಹೆಸರು. ಉದಾಹರಣೆಗೆ \\ಅಂಗಡಿ\ಲೆಕ್ಕ. (ಓದಲು ಅನುಕೂಲ ಆಗಲಿ ಅಂತ ಇಲ್ಲಿ ಕನ್ನಡದಲ್ಲಿ ಬರೆದೀವಿ, ಕಂಪ್ಯೂಟರಿನ ಹೆಸರು, ಶೇರ್ ಹೆಸರನ್ನ ಇಂಗ್ಲಿಷ್ ಅಕ್ಷರದಾಗೇ ಇಡ್ರಿ, ನಡುವೆ ಜಾಗ ಬಿಡಬ್ಯಾಡ್ರಿ.) ಇನ್ನೊಂದು, ಅದೇ ವಿಳಾಸಕ್ಕೆ ಝಡ್ ಅಥವಾ ವೈ ಅಂತ ಒಂದು ಡ್ರೈವ್ ಅಕ್ಷರ ಕೊಡೋದು. ಇದು ‘ಮ್ಯಾಪ್ ನೆಟ್‌ವರ್ಕ್ ಡ್ರೈವ್’.

ರಿಪೇರಿಯವರು ಹೆಚ್ಚಾಗಿ ಎರಡನೇ ದಾರಿ ಹಿಡೀತಾರ, ಯಾಕಂದ್ರ ನೋಡಾಕ ಸರಳ. ಆದರೆ ಝಡ್ ಡ್ರೈವ್ ನಿಮ್ಮ ಸಿ ಡ್ರೈವ್ ಇದ್ದಂಗ ಕಂಪ್ಯೂಟರಿಗೆ ಸೇರಿದ್ದಲ್ಲ. ಲಾಗಿನ್ ಆದ ಬಳಕೆದಾರನಿಗೆ ಮಾತ್ರ, ಆ ಲಾಗಿನ್ ಇರುವ ತನಕ ಮಾತ್ರ ಗೊತ್ತಿರುವ ಅಡ್ಡಹೆಸರು ಅದು. ಓಣಿಯಾಗ ಒಬ್ಬರನ್ನ ‘ಗುಂಡಣ್ಣ’ ಅಂತ ಕರೀತಾರ. ಪೋಸ್ಟಿನವನಿಗೆ ಆ ಹೆಸರು ಹೇಳಿದರೆ ಮನಿ ಸಿಗಂಗಿಲ್ಲ. ಪ್ರೋಗ್ರಾಂ ಈ ಪೋಸ್ಟಿನವನ ಸ್ಥಿತಿಗೆ ಬರುವ ಸಂದರ್ಭ ಮುಖ್ಯವಾಗಿ ಮೂರು.

ಮೊದಲನೆಯದು, ಪ್ರೋಗ್ರಾಮನ್ನ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಮಾಡಿ ತೆರೆದಾಗ. ಕುರ್ಚಿ ಮೇಲೆ ಕುಂತವರು ನೀವೇ, ಆದರೆ ವಿಂಡೋಸ್ ಆ ಪ್ರೋಗ್ರಾಮಿಗೆ ಬೇರೆಯೇ ಲಾಗಿನ್ ಕೊಡುತ್ತದೆ. ಅಲ್ಲಿ ಝಡ್ ಡ್ರೈವ್ ಇರಂಗಿಲ್ಲ. ಹಳೆಯ ಬಿಲ್ಲಿಂಗ್ ಪ್ರೋಗ್ರಾಂಗಳ ಶಾರ್ಟ್‌ಕಟ್‌ನಾಗ ಈ ಗುರುತು ಮೊದಲೇ ಹಾಕಿಟ್ಟಿರ್ತಾರ, ಮಾಲೀಕರಿಗೆ ಗೊತ್ತೂ ಇರಂಗಿಲ್ಲ. ಶಾರ್ಟ್‌ಕಟ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ ನೋಡಿದರೆ ಸಿಗುತ್ತದೆ.

ಎರಡನೆಯದು, ಪ್ರೋಗ್ರಾಂ ‘ಸರ್ವಿಸ್’ ಆಗಿ ಓಡುವಾಗ. ಯಾರೂ ಲಾಗಿನ್ ಆಗದಿದ್ದರೂ ಹಿಂದೆ ಕೆಲಸ ಮಾಡುವ ಪ್ರೋಗ್ರಾಂಗಳಿವು. ಬ್ಯಾಕಪ್ ತಂತ್ರಾಂಶಗಳು ಹೆಚ್ಚಾಗಿ ಹೀಗೇ ಇರ್ತಾವ. ಇವು ‘ಲೋಕಲ್ ಸಿಸ್ಟಂ’ ಎಂಬ ಖಾತೆಯಲ್ಲಿ ಓಡುತ್ತವೆ. ಈ ಖಾತೆಗೆ ತನ್ನ ಕಂಪ್ಯೂಟರಿನೊಳಗೆ ಎಲ್ಲಾ ಅಧಿಕಾರ ಉಂಟು. ಆದರೆ ಡೊಮೇನ್ ಇಲ್ಲದ ನಮ್ಮಂಥ ಸಣ್ಣ ನೆಟ್‌ವರ್ಕಿನಾಗ ಪಕ್ಕದ ಕಂಪ್ಯೂಟರಿಗೆ ಹೋದರೆ ಅದು ಹೆಸರಿಲ್ಲದ ಪರದೇಶಿ. ಇಲ್ಲಿ ಪೂರ್ತಿ ವಿಳಾಸ ಕೊಟ್ಟರೂ ಸಾಲುವುದಿಲ್ಲ. ‘ಸರ್ವಿಸಸ್’ ಪಟ್ಟಿಯಲ್ಲಿ ಆ ಸರ್ವಿಸಿನ ‘ಲಾಗ್ ಆನ್’ ಪುಟ ತೆರೆದು ಒಬ್ಬ ಬಳಕೆದಾರನ ಹೆಸರು, ಪಾಸ್‌ವರ್ಡ್ ಕೊಡಬೇಕು. ಅದೇ ಹೆಸರು, ಅದೇ ಪಾಸ್‌ವರ್ಡಿನ ಖಾತೆ ಮುಖ್ಯ ಕಂಪ್ಯೂಟರಿನಲ್ಲೂ ಇರಬೇಕು.

ಮೂರನೆಯದು ಟಾಸ್ಕ್ ಶೆಡ್ಯೂಲರ್. ರಾತ್ರಿ 9ಕ್ಕೆ ತಾನೇ ಬ್ಯಾಕಪ್ ಆಗಲಿ ಅಂತ ಇಟ್ಟಿರ್ತೀರಿ. ಲಾಗಿನ್ ಇರಲಿ ಬಿಡಲಿ ಓಡಲಿ ಅನ್ನುವ ಆಯ್ಕೆ ಹಾಕಿದ್ದರೆ ಅಲ್ಲೂ ಝಡ್ ಡ್ರೈವ್ ಸಿಗಂಗಿಲ್ಲ. ಅದರ ಕೆಳಗೇ ‘ಪಾಸ್‌ವರ್ಡ್ ಉಳಿಸಬೇಡ’ ಅನ್ನುವ ಚೌಕಕ್ಕೂ ಗುರುತು ಹಾಕಿದ್ದರಂತೂ ನೆಟ್‌ವರ್ಕಿನ ಯಾವ ಫೈಲೂ ಸಿಗದು. ತಿಂಗಳುಗಟ್ಟಲೆ ಬ್ಯಾಕಪ್ ಆಗೇದ ಅಂತ ನಂಬಿಕೊಂಡು ಕೂತವರಿಗೆ ಇದು ತಿಳಿಯೋದು ಬ್ಯಾಕಪ್ ಬೇಕಾದ ದಿನ.

ಹಿಂಗಾಗಿ ಪ್ರೋಗ್ರಾಮಿನ ಸೆಟ್ಟಿಂಗ್‌ನಾಗ ಯಾವಾಗಲೂ ಪೂರ್ತಿ ವಿಳಾಸವನ್ನೇ ಬರೆಯಿರಿ. ಝಡ್ ಡ್ರೈವ್ ನಿಮ್ಮ ಕೈ ಕೆಲಸಕ್ಕೆ ಇರಲಿ.

ಎರಡು ಬಾಗಿಲು, ಎರಡು ಬೀಗ

ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ‘ಶೇರಿಂಗ್’ ಮತ್ತು ‘ಸೆಕ್ಯೂರಿಟಿ’ ಎಂಬ ಎರಡು ಪುಟ ಕಾಣುತ್ತವೆ. ಎರಡರಲ್ಲೂ ಅನುಮತಿ ಬೇರೆ ಬೇರೆ. ನೆಟ್‌ವರ್ಕ್ ಮೂಲಕ ಬರುವವರು ಎರಡೂ ಬಾಗಿಲು ದಾಟಬೇಕು, ಯಾವುದು ಬಿಗಿಯೋ ಅದೇ ನಡೀತದ. ಶೇರಿಂಗ್‌ನಾಗ ಪೂರ್ತಿ ಅಧಿಕಾರ ಕೊಟ್ಟು ಸೆಕ್ಯೂರಿಟಿಯಲ್ಲಿ ಬರೀ ಓದುವ ಅನುಮತಿ ಇದ್ದರೆ, ಹಳೇ ಬಿಲ್ ಕಾಣುತ್ತದೆ, ಹೊಸ ಬಿಲ್ ಉಳಿಯುವುದಿಲ್ಲ.

ಇನ್ನೊಂದು ಸೂಕ್ಷ್ಮ. ಅನುಮತಿಯನ್ನ ಒಂದೇ ಫೈಲಿಗಲ್ಲ, ಇಡೀ ಫೋಲ್ಡರಿಗೆ ಕೊಡಬೇಕು. ಮೈಕ್ರೋಸಾಫ್ಟ್ ಆ್ಯಕ್ಸೆಸ್‌ನಲ್ಲಿ ಮಾಡಿದ ಬಿಲ್ಲಿಂಗ್ ಪ್ರೋಗ್ರಾಂ ತೆರೆದ ಕೂಡಲೇ ಅದೇ ಫೋಲ್ಡರಿನಾಗ ಒಂದು ಸಣ್ಣ ಲಾಕ್ ಫೈಲ್ ಹುಟ್ಟುತ್ತದೆ, ಎಲ್ಲರೂ ಮುಚ್ಚಿದಾಗ ಅಳಿಯುತ್ತದೆ. ಯಾರು ಯಾವ ಸಾಲು ಬರೀತಿದ್ದಾರೆ ಅಂತ ಅದರಲ್ಲೇ ಲೆಕ್ಕ. ಫೋಲ್ಡರಿನಾಗ ಹೊಸ ಫೈಲ್ ಮಾಡುವ, ಅಳಿಸುವ ಅನುಮತಿ ಇಲ್ಲದಿದ್ದರೆ ಎರಡನೇ ಕಂಪ್ಯೂಟರಿನವರಿಗೆ ಬರೆಯಲು ಬಿಡುವುದಿಲ್ಲ. ಎಕ್ಸೆಲ್ ಕೂಡ ಹೀಗೇ ಒಂದು ಮರೆಯ ಫೈಲ್ ಇಡುತ್ತದೆ. ಕರೆಂಟ್ ಹೋಗಿ ಅದು ಅಳಿಯದೆ ಉಳಿದರೆ, ಯಾರೂ ತೆರೆಯದಿದ್ದರೂ ‘ಬೇರೊಬ್ಬರು ತೆರೆದಿದ್ದಾರೆ’ ಅನ್ನುತ್ತದೆ.

ಟ್ಯಾಲಿ ಬಳಸುವವರಿಗೆ ಒಂದು ಮಾತು. ಬೆಂಗಳೂರಿನ ಈ ಕಂಪನಿಯ ತಂತ್ರಾಂಶದಲ್ಲಿ ಸಿಲ್ವರ್ ಲೈಸೆನ್ಸ್ ಒಬ್ಬರಿಗೆ, ಗೋಲ್ಡ್ ಒಂದೇ ನೆಟ್‌ವರ್ಕಿನ ಹಲವರಿಗೆ. ಸಿಲ್ವರ್ ಇಟ್ಟುಕೊಂಡು ಮೂರು ಕಂಪ್ಯೂಟರಿನಾಗ ಒಮ್ಮೆಗೇ ನಡೀಬೇಕು ಅಂದ್ರ ಫೋಲ್ಡರ್ ಎಷ್ಟು ಚಂದ ಶೇರ್ ಮಾಡಿದರೂ ನಡೆಯುವುದಿಲ್ಲ.

ಪಿನ್ ಹಾಕಿದರೆ ಒಳಗೆ ಬಿಡಂಗಿಲ್ಲ

ಪಾಸ್‌ವರ್ಡ್ ಕೇಳಿದಾಗ ಬಹಳ ಮಂದಿ ದಿನಾ ಕಂಪ್ಯೂಟರ್ ಚಾಲೂ ಮಾಡಲು ಬಳಸುವ ನಾಲ್ಕಂಕಿ ಪಿನ್ ಹಾಕ್ತಾರ. ಪಿನ್ ಆ ಕಂಪ್ಯೂಟರಿನ ಮುಂದೆ ಕುಂತವರಿಗೆ ಮಾತ್ರ, ನೆಟ್‌ವರ್ಕಿಗೆ ನಡೆಯುವುದಿಲ್ಲ. ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಇಲ್ಲದೆ ಖಾಲಿ ಬಿಟ್ಟ ಖಾತೆಯನ್ನೂ ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡಂಗಿಲ್ಲ.

ಹಾಗಾದ್ರ ಏನು ಮಾಡೋದು? ಮುಖ್ಯ ಕಂಪ್ಯೂಟರಿನಲ್ಲಿ ಇದಕ್ಕಂತಲೇ ಒಂದು ಲೋಕಲ್ ಖಾತೆ ಮಾಡ್ರಿ, ಗಟ್ಟಿ ಪಾಸ್‌ವರ್ಡ್ ಇಡ್ರಿ, ಲೆಕ್ಕದ ಫೋಲ್ಡರಿಗೆ ಆ ಖಾತೆಗೆ ಮಾತ್ರ ಅನುಮತಿ ಕೊಡ್ರಿ. ಉಳಿದ ಕಂಪ್ಯೂಟರಿನಲ್ಲಿ ಕಂಟ್ರೋಲ್ ಪ್ಯಾನೆಲ್‌ನ ‘ಕ್ರೆಡೆನ್ಶಿಯಲ್ ಮ್ಯಾನೇಜರ್’ ತೆರೆದು ಮುಖ್ಯ ಕಂಪ್ಯೂಟರಿನ ಹೆಸರು, ಈ ಖಾತೆ, ಪಾಸ್‌ವರ್ಡ್ ಒಮ್ಮೆ ಉಳಿಸಿದರೆ ಮತ್ತೆ ಕೇಳಂಗಿಲ್ಲ. ಒಂದು ಎಚ್ಚರ: ಒಂದೇ ಕಂಪ್ಯೂಟರಿನಿಂದ ಒಂದೇ ಮುಖ್ಯ ಕಂಪ್ಯೂಟರಿಗೆ ಏಕಕಾಲಕ್ಕೆ ಎರಡು ಬೇರೆ ಹೆಸರಲ್ಲಿ ಹೋಗಲು ವಿಂಡೋಸ್ ಬಿಡುವುದಿಲ್ಲ, 1219 ಎಂಬ ದೋಷ ತೋರಿಸುತ್ತದೆ. ಹಳೆಯ ಸಂಪರ್ಕ ಕಡಿದು, ಸೈನ್ ಔಟ್ ಆಗಿ ಬಂದರೆ ಸರಿಹೋಗುತ್ತದೆ.

‘ಮೊದಲು ಪಾಸ್‌ವರ್ಡೇ ಇಲ್ಲದೆ ನಡೀತಿತ್ತು, ಅಪ್‌ಡೇಟ್ ಆದ ಮ್ಯಾಲೆ ನಿಂತದ’ ಅನ್ನುವವರೂ ಇದ್ದಾರೆ. ಅದೂ ಖರೇ. ಹಿಂದೆ ಪಾಸ್‌ವರ್ಡ್ ರಕ್ಷಣೆ ತೆಗೆದು ‘ಗೆಸ್ಟ್’ ಆಗಿ ಒಳಗೆ ಹೋಗುವ ರೂಢಿ ಇತ್ತು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊ ಕಂಪ್ಯೂಟರುಗಳಲ್ಲಿ ಆ ದಾರಿ ಮುಚ್ಚಿದೆ. ಸೆಟ್ಟಿಂಗ್ ತಿದ್ದಿ ಮತ್ತೆ ತೆರೆಯಬಹುದು ಅಂತ ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ನಮ್ಮ ಅಭಿಪ್ರಾಯದಲ್ಲಿ ಅದು ಬ್ಯಾಡ. ಮೇಲೆ ಹೇಳಿದ ಖಾತೆ ಮಾಡಲು ಐದು ನಿಮಿಷ ಸಾಕು.

ಇದಕ್ಕಿಂತ ಅಪಾಯದ್ದು ‘ಎಸ್‌ಎಂಬಿ 1’ ಮತ್ತೆ ಚಾಲೂ ಮಾಡೋದು. ವಿಂಡೋಸ್ ಫೋಲ್ಡರ್ ಹಂಚಿಕೆ ನಡೆಯುವ ಭಾಷೆಯ ಹೆಸರು ಎಸ್‌ಎಂಬಿ. 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ್ದು. ಅದರ ಮೊದಲ ಆವೃತ್ತಿಯ ದೋಷ ಹಿಡಿದೇ 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಹಣ ಕೀಳುವ ವೈರಸ್ ಜಗತ್ತಿನ ತುಂಬ ಹಬ್ಬಿತು. ಮೈಕ್ರೋಸಾಫ್ಟ್ ಅದಕ್ಕೆ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ ಎಕ್ಸ್‌ಪಿಗೆ ಎಸ್‌ಎಂಬಿ 1 ಬಿಟ್ಟರೆ ಬೇರೆ ಬರಂಗಿಲ್ಲ. ಹಳೇ ಎಕ್ಸ್‌ಪಿ ಡಬ್ಬಿ ಒಂದಕ್ಕೋಸ್ಕರ ಹೊಸ ಕಂಪ್ಯೂಟರುಗಳ ಬಾಗಿಲು ತೆಗೆದಿಡುವುದು ಲಾಭದ ವ್ಯವಹಾರ ಅಲ್ಲ.

ಕರೆಂಟ್ ಹೋಗಿ ಬಂದ ಮೇಲೆ ಸಿಗದಿದ್ದರೆ

ವಿಳಾಸದಲ್ಲಿ ಹೆಸರಿನ ಬದಲು ಐಪಿ ಅಂಕಿ ಬರೆದವರಿಗೆ ಇದು ಹೆಚ್ಚು. ರೌಟರ್ ಬಂದ್ ಆಗಿ ಚಾಲೂ ಆದಾಗ ಕಂಪ್ಯೂಟರುಗಳಿಗೆ ಅಂಕಿ ಹೊಸದಾಗಿ ಹಂಚಬಹುದು. ನಿನ್ನೆ ಮುಖ್ಯ ಕಂಪ್ಯೂಟರಿಗೆ ಇದ್ದ ಅಂಕಿ ಇವತ್ತು ಯಾರದೋ ಮೊಬೈಲಿಗೆ ಹೋಗಿರ್ತದ. ರೌಟರಿನಲ್ಲಿ ಮುಖ್ಯ ಕಂಪ್ಯೂಟರಿಗೆ ಒಂದು ಅಂಕಿ ಕಾಯ್ದಿರಿಸಲು ಹೇಳ್ರಿ. ಹೊಸ ರೌಟರ್ ತಂದಾಗ ಆ ನೆಟ್‌ವರ್ಕ್ ‘ಪಬ್ಲಿಕ್’ ಅಂತ ದಾಖಲಾಗಿ ಹಂಚಿಕೆ ನಿಂತಿರಬಹುದು, ‘ಪ್ರೈವೇಟ್’ ಮಾಡಬೇಕು. ಮುಖ್ಯ ಕಂಪ್ಯೂಟರಿಗೆ ‘ಸ್ಲೀಪ್’ ಬೇಡ. ಅದು ನಿದ್ದೆ ಹೋದರೆ ಎಲ್ಲರ ಬಿಲ್ ನಿಲ್ಲುತ್ತದೆ.

ವೈಫೈ ವಿಚಾರ. ಎಕ್ಸೆಲ್ ಹಾಳೆ ನೋಡಲು ವೈಫೈ ನಡೆದೀತು. ಆ್ಯಕ್ಸೆಸ್ ಥರದ ದತ್ತಾಂಶ ಫೈಲಿಗೆ ಬ್ಯಾಡ. ಬರೆಯುವ ನಡುವೆ ಒಂದು ಕ್ಷಣ ಸಂಪರ್ಕ ಕಡಿದರೆ ಫೈಲೇ ಕೆಡಬಹುದು. ಕೇಬಲ್ ಎಳೆಸ್ರಿ, ಮುಖ್ಯ ಕಂಪ್ಯೂಟರಿನ ಜೊತೆಗೆ ರೌಟರಿಗೂ ಯುಪಿಎಸ್ ಕೊಡ್ರಿ. ಕಂಪ್ಯೂಟರಿಗೆ ಮಾತ್ರ ಯುಪಿಎಸ್ ಕೊಟ್ಟು ರೌಟರನ್ನ ಮರೆಯುವುದು ಬಹಳ ಕಡೆ ಕಾಣುತ್ತದೆ.

ಪ್ರೋಗ್ರಾಂ ಬರೆಯುವ ಹುಡುಗರಿಗೆ

ಊರಿನ ಹುಡುಗರೇ ಅಂಗಡಿಗೆ ಬಿಲ್ಲಿಂಗ್ ಪ್ರೋಗ್ರಾಂ ಮಾಡಿಕೊಡುವುದು ಒಳ್ಳೇ ಬೆಳವಣಿಗೆ. ಅವರಿಗೆ ಎರಡು ಮೂರು ಸಂಗತಿ. ಸಿ, ಜಾವಾ, ಪೈಥಾನ್‌ನಲ್ಲಿ ಬ್ಯಾಕ್‌ಸ್ಲ್ಯಾಷ್‌ಗೆ ವಿಶೇಷ ಅರ್ಥ ಇದೆ. ಎರಡು ಬೇಕಾದಲ್ಲಿ ನಾಲ್ಕು, ಒಂದು ಬೇಕಾದಲ್ಲಿ ಎರಡು ಬರೆಯಬೇಕು. ಎರಡೇ ಬರೆದರೆ ಪ್ರೋಗ್ರಾಮಿಗೆ ತಲುಪೋದು ಒಂದೇ, ಅದು ನೆಟ್‌ವರ್ಕ್ ಬಿಟ್ಟು ಸ್ವಂತ ಡಿಸ್ಕಿನಾಗ ಹುಡುಕುತ್ತದೆ. ಬ್ಯಾಚ್ ಫೈಲಿನಲ್ಲಿ ‘ಸಿಡಿ’ ಆಜ್ಞೆ ನೆಟ್‌ವರ್ಕ್ ವಿಳಾಸಕ್ಕೆ ಹೋಗುವುದಿಲ್ಲ; ‘ಪುಷ್‌ಡಿ’ ಬಳಸಿದರೆ ತಾತ್ಕಾಲಿಕ ಡ್ರೈವ್ ಅಕ್ಷರ ತಾನೇ ಬರುತ್ತದೆ. ಬ್ಯಾಕಪ್‌ಗೆ ‘ರೋಬೋಕಾಪಿ’ ಚೊಲೋ ಅದ, ಆದರೆ ಅದರ ‘ಮಿರರ್’ ಆಯ್ಕೆ ಮೂಲದಲ್ಲಿ ಅಳಿದದ್ದನ್ನ ಬ್ಯಾಕಪ್‌ನಲ್ಲೂ ಅಳಿಸುತ್ತದೆ. ವಿಳಾಸ ತಪ್ಪಿ ಖಾಲಿ ಫೋಲ್ಡರ್ ತೋರಿಸಿದರೆ ಬ್ಯಾಕಪ್ ಪೂರ್ತಿ ಖಾಲಿ.

ಮೂರಕ್ಕಿಂತ ಹೆಚ್ಚು ಮಂದಿ ಒಂದೇ ಸಲಕ್ಕೆ ಬಿಲ್ ಬರೆಯುವಲ್ಲಿ ಫೈಲ್ ಹಂಚುವ ಪದ್ಧತಿ ಬಿಟ್ಟು ಮೈಎಸ್‌ಕ್ಯೂಎಲ್‌ನಂಥ ಡೇಟಾಬೇಸ್ ಸರ್ವರಿಗೆ ಹೋಗುವುದೇ ಸರಿ. ಅಲ್ಲಿ ಫೈಲನ್ನ ಮುಟ್ಟುವವ ಸರ್ವರ್ ಒಬ್ಬನೇ, ಉಳಿದವರು ಅವನಿಗೆ ಕೇಳಿ ಪಡೀತಾರ. ಕರೆಂಟ್ ಹೋದರೂ ಅರ್ಧ ಬರೆದ ಬಿಲ್ಲನ್ನ ಬಿಟ್ಟು ಹಿಂದಿನ ಸ್ಥಿತಿಗೆ ತಾನೇ ಬರುತ್ತದೆ. ಎಸ್‌ಕ್ಯೂಲೈಟ್ ಫೈಲನ್ನಂತೂ ಶೇರ್ ಫೋಲ್ಡರಿನಾಗ ಇಟ್ಟು ಹಲವರಿಗೆ ಕೊಡಬ್ಯಾಡ್ರಿ, ಅದನ್ನ ಮಾಡಿದವರೇ ಹಾಗೆ ಬಳಸಬೇಡಿ ಅಂತಾರ.

ಡಿಟಿಪಿಯವರ ಬೇರೆ ಗೋಳು

ಲಗ್ನಪತ್ರಿಕೆ, ಜಾತ್ರೆಯ ಕರಪತ್ರ ಮಾಡುವಲ್ಲಿ ಫೈಲ್ ತೆರೀತದ, ಆದರೆ ಅಕ್ಷರ ಎಲ್ಲಾ ಇಂಗ್ಲಿಷ್ ಚಿತ್ತಾರ ಆಗಿ ಕಾಣ್ತದ. ಫೋಲ್ಡರಿನ ತಪ್ಪಲ್ಲ, ಫೈಲೂ ಕೆಟ್ಟಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಆನ್ಸಿ ಫಾಂಟಿನಲ್ಲಿ ಬರೆದದ್ದನ್ನ ನೋಡಲು ಆ ಫಾಂಟ್ ಪ್ರತಿ ಕಂಪ್ಯೂಟರಿನಲ್ಲೂ ಇರಬೇಕು. ಅದನ್ನ ಹಾಕಿದರೆ ಕನ್ನಡ ವಾಪಸ್ ಬರುತ್ತದೆ. ಯೂನಿಕೋಡ್‌ನಲ್ಲಿ ಬರೆದದ್ದಕ್ಕೆ ಈ ತಾಪತ್ರಯ ಇಲ್ಲ. ಪೇಜ್‌ಮೇಕರ್‌ನಂಥ ಹಳೇ ಪ್ರೋಗ್ರಾಂ ಇದ್ದರೆ ಫೈಲಿನ ಹೆಸರು ಮಾತ್ರ ಇಂಗ್ಲಿಷ್‌ನಲ್ಲೇ ಇರಲಿ. ಪುಟಕ್ಕೆ ಜೋಡಿಸಿದ ಫೋಟೊಗಳಿಗೂ ಪೂರ್ತಿ ವಿಳಾಸದ್ದೇ ನಿಯಮ: ಒಬ್ಬರ ಝಡ್ ಡ್ರೈವ್‌ನಿಂದ ಜೋಡಿಸಿದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಸಿಗದು.

ಲೆಕ್ಕ ಹೋದರೆ ಹೋದದ್ದೇ

ಜಿಎಸ್‌ಟಿ ನೋಂದಣಿ ಇದ್ದವರು ಲೆಕ್ಕಪತ್ರವನ್ನ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು ಅಂತ ಕಾಯ್ದೆಯ 36ನೇ ಕಲಂ ಹೇಳುತ್ತದೆ. ಉದ್ರಿ ಬಾಕಿಗೆ ಕಾಯ್ದೆಯೇ ಬೇಕಿಲ್ಲ, ಪುಸ್ತಕ ಹೋದರೆ ವಸೂಲಿ ಹೋಯಿತು. ಹಣ ಕೀಳುವ ವೈರಸ್ ಒಂದು ಕಂಪ್ಯೂಟರಿಗೆ ಹೊಕ್ಕರೆ ಅದು ಬರೆಯಬಲ್ಲ ಎಲ್ಲಾ ಶೇರ್ ಫೋಲ್ಡರುಗಳನ್ನೂ ಬೀಗ ಹಾಕುತ್ತದೆ, ಅಲ್ಲೇ ಇಟ್ಟ ಬ್ಯಾಕಪ್ ಸಮೇತ. ಹಾಗಾಗಿ ಒಂದು ಪ್ರತಿ ಹೊರಗಿನ ಡಿಸ್ಕಿನಲ್ಲಿ ಇರಲಿ. ಕಾಪಿ ಆದ ಕೂಡಲೇ ಅದನ್ನ ತೆಗೆದು ತಿಜೋರಿಯಾಗ ಇಡ್ರಿ. ಎರಡು ಡಿಸ್ಕ್ ಇಟ್ಟು ವಾರಕ್ಕೊಂದು ಬದಲಿಸಿದರೆ ಇನ್ನೂ ಚೊಲೋ. ಕಾಪಿ ತೆಗೆಯುವಾಗ ಮೂರೂ ಕಂಪ್ಯೂಟರಿನಲ್ಲಿ ಬಿಲ್ಲಿಂಗ್ ಪ್ರೋಗ್ರಾಂ ಮುಚ್ಚಿರಬೇಕು, ಇಲ್ಲದಿದ್ದರೆ ಅರ್ಧಮರ್ಧ ಫೈಲ್ ಬರಬಹುದು. ತಿಂಗಳಿಗೊಮ್ಮೆ ಆ ಪ್ರತಿಯನ್ನ ಬೇರೆ ಕಂಪ್ಯೂಟರಿನಲ್ಲಿ ತೆರೆದು, ಕೊನೆಯ ದಿನದ ಬಿಲ್ ನಂಬರ್ ಗಲ್ಲಾದ ನಂಬರಿಗೆ ತಾಳೆ ಆಗ್ತದೋ ಇಲ್ಲೋ ನೋಡ್ರಿ.