ಸಂಚಕಾರ ಪಡೆಯುವವನ ಚರಿತ್ರೆ



ಗಡಿಯಾಚೆಯ ನಮ್ಮ ಕನ್ನಡ ಶಾಲೆಗಳ ಸ್ಟಾಫ್ ರೂಮಿಗೂ ಈಗ ಷೇರು ಮಾರುಕಟ್ಟೆ ಬಂದು ಕೂತಿದೆ. ಅದರಲ್ಲೂ "ಆಪ್ಶನ್ ಮಾರಿದರೆ ತಿಂಗಳಿಗೊಂದು ಎರಡನೇ ಸಂಬಳ" ಎಂಬ ಮಾತು. ಪೋಷಕರೂ ಕೇಳುತ್ತಾರೆ, ನಿವೃತ್ತಿಯ ಹಣ ಕೈಗೆ ಬಂದ ಮೇಷ್ಟ್ರುಗಳೂ ಕೇಳುತ್ತಾರೆ. ಇದು ಹೊಸ ವಿದ್ಯೆ ಎಂದುಕೊಂಡವರೇ ಹೆಚ್ಚು. ಅಲ್ಲ, ಬಹಳ ಹಳೆಯದು. ಅದಕ್ಕೇ ಈ ಬರಹ.

ಮೊದಲು ಮಡತ್ತುಕುಳಂಗೆ ಹೋಗೋಣ. ಉಡುಮಲೈಪೇಟೆಯಿಂದ ಪಳನಿಗೆ ಹೋಗುವ ದಾರಿಯಲ್ಲಿ ಸಿಗುವ ಊರು. 2009ರಲ್ಲಿ ತಿರುಪ್ಪೂರು ಜಿಲ್ಲೆ ಆಗುವವರೆಗೆ ಕೊಯಮತ್ತೂರಿಗೆ ಸೇರಿತ್ತು. ಅಮರಾವತಿ ನೀರು, ಭತ್ತ, ಕಬ್ಬು, ತೆಂಗು. ಈ ಸೀಮೆಯ ದೇವಾಂಗದವರಿಗೆ ಮನೆಯೊಳಗೆ ಕನ್ನಡ, ಬರಹಕ್ಕೆ ತಮಿಳು. ಇಲ್ಲಿ ತೋಟದ ವ್ಯಾಪಾರ ಕುದುರಿತೆಂದರೆ ಮೊದಲು ಕೈ ಬದಲಾಯಿಸುವುದು ಅಚ್ಚಾರ. ನಾವು ಸಂಚಕಾರ ಎನ್ನುತ್ತೇವೆ. ಕೊಳ್ಳುವವನು ಹಿಂದೆ ಸರಿದರೆ ಸಂಚಕಾರ ಮುಳುಗಿತು, ಅದು ತೋಟದವನಿಗೆ. ಆದರೆ ಅಷ್ಟರಲ್ಲಿ ಬೆಲೆ ಏರಿತೆನ್ನಿ. ತೋಟದವನು ಮಾತಿಗೆ ಕಟ್ಟುಬಿದ್ದು ಹಳೆಯ ಬೆಲೆಗೇ ಕೊಡಬೇಕು. ಆಪ್ಶನ್ ಮಾರುವವನ ಸ್ಥಿತಿ ಹೆಚ್ಚುಕಡಿಮೆ ಇದೇ. ಒಂದು ವ್ಯತ್ಯಾಸವಿದೆ. ತೋಟದ ಸಂಚಕಾರ ಕೊನೆಗೆ ಬೆಲೆಯಲ್ಲಿ ಕಳೆದುಹೋಗುತ್ತದೆ, ಆಪ್ಶನ್ನಿನ ಪ್ರೀಮಿಯಂ ಬೇರೆಯೇ ಹಣ, ಏನಾದರೂ ಮಾರಿದವನದೇ. (ಅಂದ ಹಾಗೆ ಕನ್ನಡದಲ್ಲಿ "ಜೀವಕ್ಕೆ ಸಂಚಕಾರ" ಎಂದರೆ ಅಪಾಯ. ಮುಂಗಡಕ್ಕೂ ಅಪಾಯಕ್ಕೂ ಒಂದೇ ಪದ ಹೇಗಾಯಿತೋ, ಈ ವ್ಯಾಪಾರಕ್ಕಂತೂ ಎರಡೂ ಅರ್ಥ ಹೊಂದುತ್ತವೆ!)

ಗ್ರೀಕರ ಥೇಲೀಸ್ ಕಥೆಯನ್ನು ಅರಿಸ್ಟಾಟಲ್ ಬರೆದಿಟ್ಟಿದ್ದಾನೆ. ಆಲಿವ್ ಬೆಳೆ ಚೆನ್ನಾಗಿ ಬರುತ್ತದೆಂದು ಲೆಕ್ಕ ಹಾಕಿ, ಚಳಿಗಾಲದಲ್ಲೇ ಮಿಲೇಟಸ್ ಮತ್ತು ಕಿಯೋಸ್‌ನ ಗಾಣಗಳಿಗೆಲ್ಲ ಸಣ್ಣ ಮುಂಗಡ ಕೊಟ್ಟು ಹಿಡಿದಿಟ್ಟ. ಸುಗ್ಗಿಯಲ್ಲಿ ತಾನು ಹೇಳಿದ ಬಾಡಿಗೆಗೆ ಬಿಟ್ಟು ಹಣ ಮಾಡಿದ. ನಾವು ಥೇಲೀಸನನ್ನು ಹೊಗಳುತ್ತೇವೆ. ನನಗೆ ಮಾತ್ರ ಆ ಗಾಣದವರ ನೆನಪೇ ಬರುತ್ತದೆ. ಚಳಿಗಾಲದಲ್ಲಿ "ಸುಮ್ಮನೆ ಬಂದ ದುಡ್ಡು" ಎಂದು ಮುಂಗಡ ಇಸಿದುಕೊಂಡವರು ಅವರು. ಅವರ ಹೆಸರು ಯಾರಿಗೂ ಗೊತ್ತಿಲ್ಲ.

ಆಮ್‌ಸ್ಟರ್‌ಡ್ಯಾಮಿನ ಷೇರು ಪೇಟೆಯಲ್ಲಿ ಆಪ್ಶನ್ ನಡೆಯುತ್ತಿದ್ದುದನ್ನು ಜೋಸೆಫ್ ಡಿ ಲಾ ವೇಗಾ 1688ರ ಪುಸ್ತಕದಲ್ಲೇ ವಿವರಿಸಿದ್ದಾನೆ. ಇಂಗ್ಲೆಂಡ್ 1734ರಲ್ಲಿ ಕಾನೂನು ಮಾಡಿ ನಿಷೇಧಿಸಿತು. ನಮ್ಮ ದೇಶದಲ್ಲಿ ಇದರ ಹೆಸರು ತೇಜಿ-ಮಂದಿ. ಏರುವ ಬೆಲೆಯ ಮೇಲಿನದು ತೇಜಿ, ಇಳಿಯುವುದರ ಮೇಲಿನದು ಮಂದಿ. ಅದಕ್ಕೆ ಕೊಡುವ ಹಣ ನಜರಾನಾ. ಇಂದಿನ ಕಾಲ್, ಪುಟ್, ಪ್ರೀಮಿಯಂ ಇವೇ ತಾನೆ? ಮುಂಬಯಿ ಪ್ರಾಂತದಲ್ಲಿ ಹತ್ತಿಯ ಆಪ್ಶನ್ನಿಗೆ 1939ರಲ್ಲಿ ತಡೆ ಬಿತ್ತು. 1952ರಲ್ಲಿ ಸರಕುಗಳ ಆಪ್ಶನ್ನಿಗೆ ದೇಶಾದ್ಯಂತ ನಿಷೇಧ, 1956ರ ಕಾಯಿದೆಯಲ್ಲಿ ಷೇರುಗಳ ಆಪ್ಶನ್ನಿಗೂ. ಷೇರಿನ ಮೇಲಿನ ನಿಷೇಧ ಹೋದದ್ದು 1995ರಲ್ಲಿ. ಎಲ್.ಸಿ. ಗುಪ್ತ ಸಮಿತಿಯ ವರದಿ 1998ರಲ್ಲಿ ಬಂತು. 2001ರ ಜೂನಿನಲ್ಲಿ ಸೂಚ್ಯಂಕದ ಆಪ್ಶನ್, ಜುಲೈಯಲ್ಲಿ ಬಿಡಿ ಷೇರುಗಳ ಆಪ್ಶನ್ ಶುರುವಾದವು.

ಕೊಯಮತ್ತೂರಿಗೂ ತನ್ನದೇ ಷೇರು ವಿನಿಮಯ ಕೇಂದ್ರವಿತ್ತು. 1991ರಲ್ಲಿ ಮಾನ್ಯತೆ ಪಡೆದದ್ದು 2013ರಲ್ಲಿ ಮುಚ್ಚಿಹೋಯಿತು. ಆ ಹೊತ್ತಿಗೆ ವ್ಯಾಪಾರವೆಲ್ಲ ಮುಂಬಯಿಯ ಎರಡು ಕೇಂದ್ರಗಳ ಪಾಲು. ಮುಂದೆ ಅದೇ ಫೋನಿಗೆ ಬಂತು, ಮಡತ್ತುಕುಳಂನ ತೋಟದ ಕಟ್ಟೆಯ ಮೇಲೆ ಕೂತವನ ಕೈಗೂ.

ಈಗ ಲೆಕ್ಕ. ಒಂದು ಷೇರು 500 ರೂಪಾಯಿ, ಲಾಟಿಗೆ 1,000 ಷೇರು ಎಂದಿಟ್ಟುಕೊಳ್ಳಿ. 520ರ ಕಾಲ್ ಅನ್ನು 8 ರೂಪಾಯಿಗೆ ಮಾರಿದಿರಿ, ಕೈಗೆ 8,000 ಬಂತು. ಬೆಲೆ 520 ದಾಟದಿದ್ದರೆ ಅಷ್ಟೂ ನಿಮ್ಮದು. ಹಲವು ತಿಂಗಳು ಹೀಗೇ ಆಗುತ್ತದೆ, ಅದೇ ಮೋಸ! ಒಂದು ತಿಂಗಳು ಬೆಲೆ 560 ಆಯಿತು. ಷೇರು ನಿಮ್ಮಲ್ಲಿಲ್ಲದಿದ್ದರೆ 40,000 ಹೋಯಿತು, ಪಡೆದ 8,000 ಕಳೆದರೂ 32,000 ನಷ್ಟ. ನಾಲ್ಕು ತಿಂಗಳ ಗಳಿಕೆ ಒಂದೇ ಸಲ. ಷೇರು ನಿಮ್ಮಲ್ಲೇ ಇದ್ದರೆ ಮಾತು ಬೇರೆ: 520ಕ್ಕೆ ಕೊಟ್ಟು 8 ಸೇರಿಸಿ 528 ಸಿಕ್ಕಿತು, ಮೇಲಿನ 32 ತಪ್ಪಿತು, ಅಷ್ಟೇ. ತೋಟ ಇರುವವನು ಸಂಚಕಾರ ಪಡೆಯುವುದಕ್ಕೂ ಇಲ್ಲದ ತೋಟಕ್ಕೆ ಸಂಚಕಾರ ಪಡೆಯುವುದಕ್ಕೂ ಇರುವ ವ್ಯತ್ಯಾಸ ಇದು. ಹಾಗೆಂದು ತೋಟವಿದ್ದವನಿಗೂ ಪೂರ್ತಿ ನಿಶ್ಚಿಂತೆಯಿಲ್ಲ. ಬೆಲೆ 430ಕ್ಕೆ ಬಿದ್ದರೆ ಪ್ರೀಮಿಯಂ ಕಳೆದೂ 62,000 ನಷ್ಟ. 2019ರ ಅಕ್ಟೋಬರಿನಿಂದ ಬಿಡಿ ಷೇರಿನ ಆಪ್ಶನ್‌ಗಳೆಲ್ಲ ಅವಧಿ ಮುಗಿದಾಗ ಷೇರು ಕೊಟ್ಟೇ ತೀರಿಸುವಂಥವು. ಕೈಯಲ್ಲಿ ಷೇರಿಲ್ಲದೆ ಕಾಲ್ ಮಾರಿದವನು ಇದನ್ನು ಮರೆಯುವಂತಿಲ್ಲ.

ದೊಡ್ಡ ಏರಿಳಿತ ಅಪರೂಪವಲ್ಲವೇ ಎನ್ನುವವರಿಗೆ ಮೂರು ದಿನ ನೆನಪಿಸುತ್ತೇನೆ. 2004ರ ಮೇ 17, ಚುನಾವಣಾ ಫಲಿತಾಂಶದ ನಂತರ ಸೆನ್ಸೆಕ್ಸ್ ಸುಮಾರು ಶೇ 11 ಕುಸಿಯಿತು. 2009ರ ಮೇ 18, ಅದೇ ಸೂಚ್ಯಂಕ ಒಂದೇ ದಿನ ಸುಮಾರು ಶೇ 17 ಏರಿತು. 2024ರ ಜೂನ್ 4, ನಿಫ್ಟಿ ಸುಮಾರು ಶೇ 6 ಇಳಿಯಿತು. ಒಂದರಲ್ಲಿ ಕಾಲ್ ಮಾರಿದವರು, ಎರಡರಲ್ಲಿ ಪುಟ್ ಮಾರಿದವರು ಸಿಕ್ಕಿಬಿದ್ದರು. ಎರಡನ್ನೂ ಮಾರಿ ಕೂತರೆ? ಬೇರಿಂಗ್ಸ್ ಬ್ಯಾಂಕಿನ ನಿಕ್ ಲೀಸನ್ ಜಪಾನಿನ ಸೂಚ್ಯಂಕದ ಮೇಲೆ ಅದನ್ನೂ ಮಾಡಿದ್ದ. 1995ರ ಜನವರಿ 17ರಂದು ಕೋಬೆಯಲ್ಲಿ ಭೂಕಂಪವಾಯಿತು. ಪೇಟೆ ಬಿತ್ತು, ಅವನು ಫ್ಯೂಚರ್ ಕೊಳ್ಳುತ್ತಾ ಹೋಗಿ ನಷ್ಟ ಬೆಳೆಸಿದ. ಎರಡು ಶತಮಾನ ದಾಟಿದ ಬ್ಯಾಂಕು ಕೊನೆಗೆ ಒಂದು ಪೌಂಡಿಗೆ ಮಾರಾಟವಾಯಿತು.

ಸೆಬಿ 2024ರ ಸೆಪ್ಟೆಂಬರಿನಲ್ಲಿ ಹೊರತಂದ ಅಧ್ಯಯನದಂತೆ 2021-22ರಿಂದ ಮೂರು ವರ್ಷಗಳಲ್ಲಿ ಫ್ಯೂಚರ್ ಮತ್ತು ಆಪ್ಶನ್‌ನಲ್ಲಿ ತೊಡಗಿದ ವ್ಯಕ್ತಿಗಳಲ್ಲಿ ಶೇ 93 ಮಂದಿ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಮಿಕ್ಕಿ. ಇದು ಕೊಂಡವರು, ಮಾರಿದವರು ಎಲ್ಲರೂ ಸೇರಿದ ಲೆಕ್ಕ, ಮಾರಿದವರದು ಮಾತ್ರವಲ್ಲ. ನನ್ನನ್ನು ತಟ್ಟಿದ ಅಂಕಿ ಬೇರೆ: ಆಡಿದವರಲ್ಲಿ ಶೇ 72ಕ್ಕೂ ಹೆಚ್ಚು ಜನ ದೊಡ್ಡ 30 ನಗರಗಳ ಹೊರಗಿನವರು, ನಾಲ್ಕರಲ್ಲಿ ಮೂವರ ವಾರ್ಷಿಕ ಆದಾಯ 5 ಲಕ್ಷದೊಳಗೆ. ಎಂದರೆ ನಮ್ಮಂಥ ಊರುಗಳವರು, ನಮ್ಮಂಥ ಸಂಬಳದವರು. ಲಾಭ ಬಹುತೇಕ ಕಂಪ್ಯೂಟರ್ ಪ್ರೋಗ್ರಾಮಿನಿಂದ ವ್ಯಾಪಾರ ಮಾಡುವ ದೊಡ್ಡ ಸಂಸ್ಥೆಗಳಿಗೆ ಹೋಯಿತು. 2024ರ ನವೆಂಬರಿನಿಂದ ಸೂಚ್ಯಂಕದ ಒಂದು ಕರಾರಿನ ಗಾತ್ರ ಕನಿಷ್ಠ 15 ಲಕ್ಷಕ್ಕೆ ಏರಿತು, ಅವಧಿ ಮುಗಿಯುವ ದಿನ ಮಾರಿದವನು ಶೇ 2 ಹೆಚ್ಚುವರಿ ಮಾರ್ಜಿನ್ ಇಡಬೇಕಾಯಿತು. ಆದರೂ 2024-25ರಲ್ಲಿ ಶೇ 91 ಜನರಿಗೆ ನಷ್ಟವೇ.

ನೌಕರಿಯಲ್ಲಿರುವವರಿಗೆ ಇನ್ನೊಂದು ಮಾತು. ಕೇಂದ್ರ ನೌಕರರ 1964ರ ನಡತೆ ನಿಯಮಗಳ ಪ್ರಕಾರ ಷೇರುಗಳಲ್ಲಿ ಸಟ್ಟಾ ನಡೆಸುವಂತಿಲ್ಲ, ಪದೇ ಪದೇ ಕೊಂಡು ಮಾರುವುದೂ ಸಟ್ಟಾ ಎಂದೇ ಲೆಕ್ಕ. ರಾಜ್ಯದ ನೌಕರರು ತಮ್ಮ ನಿಯಮ ಪುಸ್ತಕ ತೆಗೆದು ಈ ಕಲಮನ್ನು ಹುಡುಕಿ ಓದಿ. ಆದಾಯ ತೆರಿಗೆಯಲ್ಲಿ ಆಪ್ಶನ್ನಿನ ಗಳಿಕೆ ಸಂಬಳದ ಸಾಲಿಗಲ್ಲ, ವ್ಯಾಪಾರದ ಸಾಲಿಗೆ ಹೋಗುತ್ತದೆ. ನಷ್ಟವನ್ನೂ ಅಲ್ಲೇ ತೋರಿಸಬೇಕು.