ಮಂಜಿನಲ್ಲಿ ಕೇಳಿಸಬೇಕಾದ ದನಿ

ಕಡಲಿನ ಮೇಲೆ ದಟ್ಟ ಮಂಜು ಕವಿದಾಗ ಚಿಕ್ಕದೊಂದು ಹಾಯಿದೋಣಿ ತಾನಿರುವ ಎಡೆಯನ್ನು ಇತರರಿಗೆ ತಿಳಿಸುವುದಾದರೂ ಹೇಗೆ? ಯಂತ್ರದ ಸದ್ದಿಲ್ಲದೆ ಗಾಳಿಯನ್ನೇ ನಂಬಿ ಸಾಗುವ ದೋಣಿಗೆ ಇದು ಪ್ರಾಣದ ಪ್ರಶ್ನೆ.

ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಆಗ್ನೇಯಕ್ಕೆ ಗ್ರ್ಯಾಂಡ್ ಬ್ಯಾಂಕ್ಸ್ ಎಂಬ ಮೀನುಗಾರಿಕೆಯ ಪ್ರದೇಶವಿದೆ. ಲ್ಯಾಬ್ರಡಾರ್ ಶೀತಪ್ರವಾಹವೂ ಗಲ್ಫ್ ಸ್ಟ್ರೀಮ್ ಉಷ್ಣಪ್ರವಾಹವೂ ಸಂಧಿಸುವ ಆ ನೀರಿನ ಮೇಲೆ ಮಂಜು ದಿನಗಟ್ಟಲೆ ಬಿಡದೆ ನಿಲ್ಲುವುದುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಗ್ಲಾಸ್ಟರ್ ಬಂದರಿನ ಹಾಯಿಹಡಗುಗಳು ಅಲ್ಲಿಗೆ ತೆರಳಿ, ಡೋರಿ ಎಂಬ ಕಿರುದೋಣಿಗಳನ್ನು ನೀರಿಗಿಳಿಸುತ್ತಿದ್ದವು. ಮಂಜು ಇಳಿಯಿತೆಂದರೆ ಡೋರಿಯವರ ಆಸರೆ ಒಂದು ಶಂಖ ಇಲ್ಲವೇ ತಗಡಿನ ಕಹಳೆ. ತಾಯಿಹಡಗಿನಿಂದ ಬೇರ್ಪಡುವುದೆಂದರೇನು ಎಂಬುದಕ್ಕೆ ಹೊವರ್ಡ್ ಬ್ಲ್ಯಾಕ್‌ಬರ್ನ್ ಸಾಕ್ಷಿ. 1883ರ ಜನವರಿಯಲ್ಲಿ, ಮಂಜಿನಷ್ಟೇ ಕುರುಡಾಗಿಸುವ ಹಿಮದ ಬಿರುಗಾಳಿಯಲ್ಲಿ ಅವರ ಡೋರಿ ದಾರಿ ತಪ್ಪಿತು. ಸಂಗಾತಿ ದೋಣಿಯಲ್ಲೇ ಅಸುನೀಗಿದ. ಬ್ಲ್ಯಾಕ್‌ಬರ್ನ್ ಹೆಪ್ಪುಗಟ್ಟಿದ ಕೈಗಳನ್ನು ಹುಟ್ಟಿನ ಹಿಡಿಗೆ ಬಾಗಿಸಿಕೊಂಡು ದಡ ಸೇರಿದರು, ಕೈಬೆರಳುಗಳೆಲ್ಲ ಹೋದವು. ಅಂಥ ಕೈಗಳಲ್ಲೇ ಅವರು 1899ರಲ್ಲಿ ಏಕಾಂಗಿಯಾಗಿ ಹಾಯಿದೋಣಿಯಲ್ಲಿ ಅಟ್ಲಾಂಟಿಕ್ ದಾಟಿದರು.

ಅದಕ್ಕೂ ಮೊದಲೇ, 1859ರಲ್ಲಿ, ಕೆನಡಾದ ಸೇಂಟ್ ಜಾನ್ ಬಂದರಿನ ಪಾರ್ಟ್ರಿಜ್ ದ್ವೀಪದಲ್ಲಿ ಉಗಿಯಿಂದ ಮೊಳಗುವ ಮಂಜಿನ ಕಹಳೆ ಸ್ಥಾಪನೆಯಾಗಿತ್ತು. ಅದರ ಹಿಂದಿದ್ದುದು ರಾಬರ್ಟ್ ಫೌಲಿಸ್ ಎಂಬುವರ ಯೋಜನೆ. ಮಂಜು ಕವಿದ ಸಂಜೆ ಮನೆಗೆ ಮರಳುವಾಗ ಮಗಳ ಪಿಯಾನೋದ ಮಂದ್ರಸ್ವರಗಳು ಮಾತ್ರ ತಮಗೆ ಕೇಳಿಸಿದ್ದರಿಂದ ಅವರಿಗೆ ಈ ವಿಚಾರ ಹೊಳೆಯಿತೆಂಬ ಕಥೆಯಿದೆ. ಕಥೆಯ ತಿರುಳಂತೂ ನಿಜ: ತಗ್ಗಿನ ದನಿಯನ್ನು ಗಾಳಿ ಬೇಗ ಹೀರಿಕೊಳ್ಳುವುದಿಲ್ಲ. ಫೌಲಿಸರು ಮಾತ್ರ 1866ರಲ್ಲಿ ಬಡತನದಲ್ಲೇ ತೀರಿಕೊಂಡರು.

ಆದರೆ ತಗ್ಗಿನ ದನಿಗೆ ದೊಡ್ಡ ಕಹಳೆ ಬೇಕು, ಬಲವಾದ ಗಾಳಿಯೂ ಬೇಕು. ಚಿಕ್ಕ ದೋಣಿಗೆ ದಕ್ಕುವುದು ಕೀರಲು ದನಿಯೇ. ಕಾನೂನು ಈ ಕಷ್ಟವನ್ನು ಬಲ್ಲದು. ಚಲಿಸುತ್ತಿರುವ ಹಾಯಿಹಡಗು ಮಂಜಿನಲ್ಲಿ ಕಹಳೆ ಊದಬೇಕೆಂದು 1863ರ ಬ್ರಿಟಿಷ್ ನಿಯಮಗಳು ವಿಧಿಸಿದ್ದವು. 1880ರ ನಿಯಮಗಳು ಬಾಯಿಯ ಉಸಿರು ಸಾಲದೆಂದು ತಿದಿ ಮುಂತಾದ ಯಂತ್ರಸಾಧನವನ್ನು ಕೇಳಿದವು. ಮುಂದೆ 1897ರ ನಿಯಮಗಳು 20 ಟನ್ನಿಗಿಂತ ಕಡಿಮೆಯ ಹಾಯಿದೋಣಿಗಳಿಗೆ ವಿನಾಯಿತಿಯಿತ್ತು, ಬೇರೊಂದು ಪರಿಣಾಮಕಾರಿ ಶಬ್ದಸಂಕೇತವಿದ್ದರೆ ಸಾಕೆಂದವು. 1972ರ ಅಂತರರಾಷ್ಟ್ರೀಯ ನಿಯಮಗಳಲ್ಲೂ 12 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಇಂಥದೇ ಮಾತಿದೆ. ‘ಪರಿಣಾಮಕಾರಿ’ ಎಂಬ ಆ ಒಂದು ಪದದ ಹೊಣೆಯನ್ನು ಕಾನೂನು ನಾವಿಕನ ವಿವೇಕಕ್ಕೆ ಬಿಟ್ಟಿದೆ.

ಹಾಗಾದರೆ ಆರಿಸಿಕೊಳ್ಳಬೇಕಾದುದು ಯಾವುದು? ಈಗಿನ ಸಂಕೇತ ಒಂದು ದೀರ್ಘ, ಎರಡು ಹ್ರಸ್ವ ದನಿಗಳು. ಎರಡು ನಿಮಿಷಕ್ಕೆ ಒಮ್ಮೆಯಾದರೂ. ಒಂದು ಸಂಕೇತಕ್ಕೆ ಸುಮಾರು 7 ಸೆಕೆಂಡು ಎಂದರೆ ಗಂಟೆಗೆ ಮೂರೂವರೆ ನಿಮಿಷ ಊದಬೇಕು. ಅನಿಲದ ಡಬ್ಬಿಯ ಹಾರ್ನ್ ಜೋರಾಗಿ ಕೂಗುತ್ತದೆ, ಆದರೆ ಚಳಿಯಲ್ಲಿ ಸೊರಗುತ್ತದೆ, ಬೇಗ ಬರಿದಾಗುತ್ತದೆ. ವಿದ್ಯುತ್ ಹಾರ್ನ್ ಬ್ಯಾಟರಿಯನ್ನು ನಂಬಿದೆ. ಬಾಯಿಂದ ಊದುವ ಕಹಳೆಯ ದನಿ ಕಿರಿದಾದರೂ ಉಸಿರಿರುವ ತನಕ ಕೈಬಿಡದು. ಡಬ್ಬಿಯ ಜೊತೆಗೆ ಇದನ್ನೂ ಇರಿಸಿಕೊಳ್ಳುವವನೇ ಜಾಣನೆಂದು ನನ್ನ ಎಣಿಕೆ.

ಇನ್ನೊಂದು ಲೆಕ್ಕವನ್ನೂ ಗಮನಿಸಿರಿ. 12ರಿಂದ 20 ಮೀಟರ್ ಉದ್ದದ ನೌಕೆಯ ಕಹಳೆಗೇ ನಿಯಮಗಳು ಹೇಳುವ ವ್ಯಾಪ್ತಿ ಅರ್ಧ ನಾಟಿಕಲ್ ಮೈಲಿ. ಅದಕ್ಕಿಂತ ಚಿಕ್ಕ ದೋಣಿಯದು ಇನ್ನೂ ಕಡಿಮೆಯೇ ಇರಬಹುದು. ಗಂಟೆಗೆ 15 ನಾಟಿಕಲ್ ಮೈಲಿ ವೇಗದ ಹಡಗು ಆ ದೂರವನ್ನು ಸರಿಯಾಗಿ ಎರಡು ನಿಮಿಷದಲ್ಲಿ ಕ್ರಮಿಸುತ್ತದೆ. ಆದುದರಿಂದ ಹಡಗಿನ ಸದ್ದು ಕಿವಿಗೆ ಬಿದ್ದೊಡನೆ ನಾವಿಕನು ಗಡಿಯಾರ ನೋಡುತ್ತ ಕೂರದೆ ಮತ್ತೆ ಮತ್ತೆ ಊದತಕ್ಕದ್ದು.