ತಪ್ಪು ನಕ್ಷೆಯಿಂದ ಹುಟ್ಟಿದ ದೋಣಿ

ಹಾಯಿದೋಣಿಯಲ್ಲಿ ಒಬ್ಬಂಟಿಯಾಗಿ, ಎಲ್ಲೂ ನಿಲ್ಲದೆ, ಭೂಮಿಗೆ ಒಂದು ಸುತ್ತು ಹಾಕಿದ ಮೊದಲಿಗ ಯಾರು ಅಂತ ಕ್ವಿಜ್‌ನಲ್ಲಿ ಕೇಳಿದರೆ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅಂತ ಥಟ್ಟನೆ ಉತ್ತರ ಬರುತ್ತದೆ. ಇಂಗ್ಲೆಂಡಿನವರು, 1968-69. ಸರಿ, ಮಾರ್ಕ್ಸು ಸಿಕ್ಕಿತು. ಆದರೆ ಆ ದೋಣಿ ಎಲ್ಲಿಯದು ಅಂತ ಯಾರೂ ಕೇಳುವುದಿಲ್ಲ. ಅದು ನಮ್ಮ ಮುಂಬಯಿಯದು ಮಾರಾಯ್ರೆ! ಕೊಲಾಬಾದ ವರ್ಕ್‌ಶಾಪಿನಲ್ಲಿ, ನಮ್ಮ ಬಡಗಿಗಳ ಕೈಯಲ್ಲಿ, ಸಾಗುವಾನಿಯಲ್ಲಿ ಆದದ್ದು. ಹೆಸರು 'ಸುಹೈಲಿ'.

ಅರವತ್ತರ ದಶಕದ ಆರಂಭದಲ್ಲಿ ರಾಬಿನ್ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಡಗುಗಳಲ್ಲಿ ಅಧಿಕಾರಿ. ಮುಂಬಯಿಗೂ ಪರ್ಷಿಯನ್ ಕೊಲ್ಲಿಗೂ ಓಡಾಟ. ಸ್ವಂತದ್ದೊಂದು ದೋಣಿ ಕಟ್ಟಿಸಿ ಅದರಲ್ಲೇ ಇಂಗ್ಲೆಂಡಿಗೆ ಹೋಗಬೇಕು ಅನ್ನುವ ಹುಚ್ಚು ಹತ್ತಿತು. ಆಗ ಮುಂಬಯಿಯಲ್ಲಿ ಒಳ್ಳೆಯ ಸಾಗುವಾನಿಯೂ ಇತ್ತು, ಒಳ್ಳೆಯ ಬಡಗಿಗಳೂ ಇದ್ದರು. ಇಂಗ್ಲೆಂಡಿನ ಒಂದು ಸಂಸ್ಥೆಗೆ ನಕ್ಷೆ ಕಳಿಸಿ ಅಂತ ಬರೆದರು. ಬಂದದ್ದು ಬೇರೆಯೇ ನಕ್ಷೆ! ಇವರು ಕೇಳಿದ ವಿನ್ಯಾಸ ಅದಲ್ಲ. ವಿಲಿಯಂ ಆಟ್ಕಿನ್ ಎಂಬ ಅಮೆರಿಕನ್ನರು 1920ರ ದಶಕದಲ್ಲಿ ಬರೆದ 'ಎರಿಕ್' ಎಂಬ ಹಳೇ ವಿನ್ಯಾಸ. ಅದರ ಮೂಲ ನಾರ್ವೆಯಲ್ಲಿ ಬಿರುಗಾಳಿಗೆ ಸಿಕ್ಕ ಮೀನುಗಾರರನ್ನು ಉಳಿಸಲು ಕಾಲಿನ್ ಆರ್ಚರ್ ರೂಪಿಸಿದ ದೋಣಿಗಳಲ್ಲಿದೆ. ಹಿಂದೆ ಮುಂದೆ ಎರಡೂ ಕಡೆ ಚೂಪು, ಹೊಟ್ಟೆ ದಪ್ಪ, ನಡಿಗೆ ನಿಧಾನ. ಕ್ಲೈಂಟ್ ಕೇಳಿದ್ದೊಂದು, ಕೈಗೆ ಬಂದದ್ದೊಂದು. ನಮ್ಮ ವೃತ್ತಿಯವರಿಗೆ ಇದೇನೂ ಹೊಸದಲ್ಲ ಬಿಡಿ. ವಾಪಸು ಕಳಿಸಿ ಕಾಯುವಷ್ಟು ಸಮಯವಿರಲಿಲ್ಲ. ಅದನ್ನೇ ಕಟ್ಟಿಸಿದರು.

ಬಾಚಿಯಲ್ಲಿ ಕೆತ್ತಿ, ಹಗ್ಗ ಎಳೆದು ತಿರುಗಿಸುವ ಬೈರಿಗೆಯಲ್ಲಿ ತೂತು ಕೊರೆದು ಮಾಡಿದ ಕೆಲಸ. ಇದೇ ಊರಿನಲ್ಲಿ ವಾಡಿಯಾ ಮನೆತನದವರು ಸಾಗುವಾನಿಯಲ್ಲಿ ಬ್ರಿಟಿಷ್ ನೌಕಾಪಡೆಗೇ ಯುದ್ಧನೌಕೆ ಕಟ್ಟಿಕೊಟ್ಟಿದ್ದರು. 1817ರಲ್ಲಿ ಇಲ್ಲಿ ನೀರಿಗಿಳಿದ 'ಟ್ರಿಂಕೊಮಲೀ' ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ. ಸುಹೈಲಿ ಅದರ ಮುಂದೆ ಗುಬ್ಬಚ್ಚಿ. ಉದ್ದ ಸುಮಾರು 32 ಅಡಿ, ಅಗಲ 11 ಅಡಿ. ನಮ್ಮ ಬೆಂಗಳೂರಿನ ಬಿ.ಎಂ.ಟಿ.ಸಿ. ಬಸ್ಸಿಗಿಂತ ಗಿಡ್ಡ! 1964ರ ಡಿಸೆಂಬರಿನಲ್ಲಿ ತೆಂಗಿನಕಾಯಿ ಒಡೆದು ನೀರಿಗಿಳಿಸಿದರು. ಪರ್ಷಿಯನ್ ಕೊಲ್ಲಿಯ ಅರಬ್ ನಾವಿಕರು ಆಗ್ನೇಯದ ಗಾಳಿಗೆ ಇಟ್ಟ ಹೆಸರು ಸುಹೈಲಿ. (ಸುಹೈಲ್ ಅಂದರೆ ಅರಬ್ಬಿಯಲ್ಲಿ ಒಂದು ನಕ್ಷತ್ರ, ನಾವು ಅಗಸ್ತ್ಯ ಅನ್ನುತ್ತೇವಲ್ಲ, ಅದೇ. ಸಮುದ್ರವನ್ನೇ ಕುಡಿದ ಅಗಸ್ತ್ಯ!)

ಮುಂಬಯಿಯಿಂದ ಹೊರಟ ದೋಣಿ ಆಫ್ರಿಕಾ ಸುತ್ತಿ ಇಂಗ್ಲೆಂಡ್ ಮುಟ್ಟಿತು. ದಾರಿಯಲ್ಲಿ ದುಡ್ಡು ಮುಗಿದಾಗ ದಕ್ಷಿಣ ಆಫ್ರಿಕಾದಲ್ಲಿ ಇಳಿದು ದುಡಿದು, ಮತ್ತೆ ಹೊರಟದ್ದು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಯಾಕೆಂದರೆ ಭೂಮಿ ಸುತ್ತುವ ಯೋಚನೆ ಬಂದಾಗ ರಾಬಿನ್‌ಗೆ ಬೇಕಾಗಿದ್ದುದು ಸುಹೈಲಿ ಅಲ್ಲ, ಉಕ್ಕಿನ, ದೊಡ್ಡ, ವೇಗದ ಹೊಸ ದೋಣಿ. ಕಾಲಿನ್ ಮ್ಯೂಡಿ ಎಂಬವರಿಂದ ಅದಕ್ಕೆ ವಿನ್ಯಾಸವನ್ನೂ ಮಾಡಿಸಿದ್ದರು. ಸುಹೈಲಿಯನ್ನು ಮಾರಾಟಕ್ಕಿಟ್ಟರು. ಕೊಳ್ಳುವವರು ಸಿಗಲಿಲ್ಲ. ಪ್ರಾಯೋಜಕರಿಗೆ ಪತ್ರದ ಮೇಲೆ ಪತ್ರ ಬರೆದರು, ಅವರೂ ಸಿಗಲಿಲ್ಲ. ಕೊನೆಗೆ ಉಳಿದದ್ದು ಯಾರಿಗೂ ಬೇಡವಾದ ಈ ದಪ್ಪ ಹೊಟ್ಟೆಯ ದೋಣಿಯೇ.

ಸಂಡೇ ಟೈಮ್ಸ್ ಪತ್ರಿಕೆಯ ಗೋಲ್ಡನ್ ಗ್ಲೋಬ್ ಸ್ಪರ್ಧೆಗೆ ಒಂಬತ್ತು ಜನ ಹೊರಟರು. ರಾಬಿನ್ 1968ರ ಜೂನ್ 14ರಂದು ಫಾಲ್ಮತ್ ಬಿಟ್ಟರು. ವಯಸ್ಸು 29, ಅಂದರೆ ಹೆಚ್ಚು ಕಡಿಮೆ ನನ್ನ ವಾರಗೆ.

ಆಮೇಲಿನದು ಸಾಹಸಕ್ಕಿಂತ ರಿಪೇರಿಯ ಕಥೆ. ನನಗೆ ಇಷ್ಟವಾಗುವುದೂ ಅದಕ್ಕೇ. ಕೇಪ್ ವರ್ಡೆ ದ್ವೀಪಗಳು ದಾಟುವಷ್ಟರಲ್ಲಿ ತಳದಲ್ಲಿ ನೀರು ಸೋರತೊಡಗಿತು. ತಳದ ದಿಮ್ಮಿಗೂ ಹಲಗೆಗೂ ನಡುವಿನ ಸಂದಿ ಬಿಟ್ಟುಕೊಂಡಿತ್ತು. ಹಾಯಿ ಇಳಿಸಿ, ನಡು ಸಮುದ್ರದಲ್ಲಿ ನೀರಿಗೆ ಹಾರಿ, ಉಸಿರು ಬಿಗಿ ಹಿಡಿದು, ಸಂದಿಗೆ ಹತ್ತಿ ತುರುಕಲು ನೋಡಿದರು. ನಿಲ್ಲಲಿಲ್ಲ. ಕ್ಯಾನ್ವಾಸ್ ಪಟ್ಟಿಗೆ ಹತ್ತಿ ಹೊಲಿದು, ಟಾರು ಬಳಿದು, ಪಟ್ಟಿಯನ್ನೇ ತಾಮ್ರದ ಮೊಳೆಯಿಂದ ಹೊಡೆದು, ಮೇಲೆ ತಾಮ್ರದ ತಗಡು ಕೂರಿಸಿದರು. ನಡುವೆ ಶಾರ್ಕ್ ಒಂದು ಸುತ್ತು ಹಾಕತೊಡಗಿದಾಗ ಮೇಲೆ ಹತ್ತಿ, ಬಂದೂಕಿನಿಂದ ಹೊಡೆದು, ಮತ್ತೆ ಇಳಿದು ಕೆಲಸ ಮುಂದುವರಿಸಿದರು.

ಬ್ಯಾಟರಿ ಚಾರ್ಜರಿನ ಪಾಯಿಂಟುಗಳ ನಡುವೆ ಇಂಚಿನ ಹದಿನೈದು ಸಾವಿರದಂಶದಷ್ಟು ಅಂತರ ಬಿಡಬೇಕಾಗಿ ಬಂತು. ಅಳೆಯುವ ಗೇಜ್ ಇಲ್ಲ. ಒಂದು ಪುಸ್ತಕ ತೆಗೆದುಕೊಂಡು ಎಣಿಸಿದರು. 200 ಹಾಳೆಗೆ ಒಂದು ಇಂಚು. ಅಂದರೆ ಒಂದು ಹಾಳೆ ಐದು ಸಾವಿರದಂಶ. ಮೂರು ಹಾಳೆ ತೂರಿಸಿ ಅಂತರ ಹೊಂದಿಸಿದರು! ನಾಲ್ಕು ವರ್ಷದ ಇಂಜಿನಿಯರಿಂಗ್‌ನಲ್ಲಿ ಇಷ್ಟು ಚೆಂದದ ಲ್ಯಾಬ್ ಪ್ರಯೋಗ ನಾನಂತೂ ಮಾಡಲಿಲ್ಲ.

ಕುಡಿಯುವ ನೀರು ಕೆಟ್ಟಿತು, ಮಳೆನೀರು ಹಿಡಿದರು. ರೇಡಿಯೋ ಕೈಕೊಟ್ಟಿತು. ಚುಕ್ಕಾಣಿಯನ್ನು ತಾನಾಗಿ ನಡೆಸುವ ಯಂತ್ರ ಆಸ್ಟ್ರೇಲಿಯಾದ ಹತ್ತಿರ ಪೂರ್ತಿ ಮುರಿಯಿತು. ಇನ್ನೂ ಅರ್ಧ ಪ್ರಪಂಚ ಬಾಕಿ. ಆಗ ತಪ್ಪು ನಕ್ಷೆಯ ಗುಣ ಹೊರಬಂತು ನೋಡಿ. ಹಾಯಿಗಳನ್ನು ಸರಿಯಾಗಿ ತೂಗಿಸಿ ಕಟ್ಟಿದರೆ ಸುಹೈಲಿ ತಾನೇ ದಾರಿ ಹಿಡಿದು ಹೋಗುತ್ತಿತ್ತು. ವೇಗದ ದೋಣಿ ಆಗಿದ್ದರೆ ಈ ಸಮಾಧಾನ ಇರುತ್ತಿತ್ತೇ? ನನಗಂತೂ ಅನುಮಾನ.

ನ್ಯೂಜಿಲೆಂಡ್ ಬಿಟ್ಟ ಮೇಲೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಸುದ್ದಿಯೇ ಇಲ್ಲ. 1969ರ ಏಪ್ರಿಲ್ 22ರಂದು, 312 ದಿನಗಳ ನಂತರ, ಫಾಲ್ಮತ್‌ಗೆ ವಾಪಸು. ಒಂಬತ್ತು ದೋಣಿಗಳಲ್ಲಿ ಮುಗಿಸಿದ್ದು ಇದೊಂದೇ. ನೈಜೆಲ್ ಟೆಟ್ಲಿಯವರ ದೋಣಿ ಮುಳುಗಿತು, ಅವರು ಬದುಕಿ ಬಂದರು. ಮೊಯ್ಟೆಸಿಯೇ ಎಂಬ ಫ್ರೆಂಚ್ ನಾವಿಕ ಸ್ಪರ್ಧೆಯೇ ಬೇಡವೆಂದು ಟಹೀಟಿ ಕಡೆ ತಿರುಗಿದರು. ಸುಳ್ಳು ಲೆಕ್ಕ ಬರೆಯುತ್ತ ಅಟ್ಲಾಂಟಿಕ್‌ನಲ್ಲೇ ಸುತ್ತಿದ ಡೊನಾಲ್ಡ್ ಕ್ರೌಹರ್ಸ್ಟ್ ಹಿಂತಿರುಗಲೇ ಇಲ್ಲ. ತಮಗೆ ಬಂದ ಐದು ಸಾವಿರ ಪೌಂಡ್ ಬಹುಮಾನವನ್ನು ರಾಬಿನ್ ಕ್ರೌಹರ್ಸ್ಟ್ ಕುಟುಂಬಕ್ಕೆ ಕೊಟ್ಟುಬಿಟ್ಟರು.

ಇಷ್ಟಾದ ಮೇಲೆ ದೋಣಿಗೆ ಮರ್ಯಾದೆ ಮಾಡಬೇಡವೇ? 1997ರಲ್ಲಿ ಗ್ರೀನಿಚ್‌ನ ರಾಷ್ಟ್ರೀಯ ಸಾಗರ ವಸ್ತುಸಂಗ್ರಹಾಲಯದ ಒಳಗೆ ತಂದು ನಿಲ್ಲಿಸಿದರು. ಕೇಪ್ ಹಾರ್ನ್‌ನ ಅಲೆಗಳಿಗೆ ಬಗ್ಗದ ಹಲಗೆ ಒಳಗಿನ ಒಣ ಗಾಳಿಗೆ ಕುಗ್ಗತೊಡಗಿತು. ನೀರಿನಲ್ಲಿದ್ದರೆ ಮರ ಉಬ್ಬಿ ಸಂದಿ ಮುಚ್ಚಿಕೊಳ್ಳುತ್ತದೆ. ಒಣಗಿದರೆ ಬಾಯಿ ಬಿಡುತ್ತದೆ. 2002ರಲ್ಲಿ ರಾಬಿನ್ ಅದನ್ನು ಹೊರತಂದರು. ತುಕ್ಕು ಹಿಡಿದ ಕಬ್ಬಿಣದ ಮೊಳೆಗಳನ್ನು ಕಿತ್ತು ಹೊಸದು ಹೊಡೆಯುತ್ತ, ಬಿಡುವಾದಾಗಲೆಲ್ಲ ಸ್ವತಃ ಕೂತು ದುರಸ್ತಿ ಮಾಡಿದರು. ಮತ್ತೆ ನೀರಿಗಿಳಿದದ್ದು 2016ರಲ್ಲಿ. ಆಗ ಅವರಿಗೆ 77 ವರ್ಷ.

2018ರಲ್ಲಿ ಐವತ್ತನೇ ವರ್ಷದ ನೆನಪಿಗೆ ಅದೇ ಸ್ಪರ್ಧೆ ಮತ್ತೆ ನಡೆದಾಗ, ಗೋವಾದ ಅಕ್ವೇರಿಯಸ್ ಶಿಪ್‌ಯಾರ್ಡ್‌ನಲ್ಲಿ ಸುಹೈಲಿಯ ಪ್ರತಿರೂಪವೊಂದು ತಯಾರಾಗಿತ್ತು. ಹೆಸರು 'ಥುರಿಯಾ', ನಾವಿಕ ಭಾರತೀಯ ನೌಕಾಪಡೆಯ ಅಭಿಲಾಷ್ ಟಾಮಿ. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಪಟದ ಕಂಬ ಮುರಿದು, ಬೆನ್ನುಮೂಳೆಗೆ ಪೆಟ್ಟಾಗಿ, ಅಲುಗಾಡಲೂ ಆಗದೆ ಮಲಗಿದ್ದ ಅವರನ್ನು ಮೂರು ದಿನಗಳ ಮೇಲೆ ಫ್ರೆಂಚ್ ಹಡಗೊಂದು ಎತ್ತಿಕೊಂಡಿತು. ದೋಣಿಯನ್ನು ಅಲ್ಲೇ ಬಿಡಬೇಕಾಯಿತು. ಅದೇ ಅಭಿಲಾಷ್ 2022ರ ಸ್ಪರ್ಧೆಗೆ ಇನ್ನೊಂದು ದೋಣಿಯಲ್ಲಿ ಹೊರಟು, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ದಡ ಮುಟ್ಟಿದರು.

ನಮ್ಮ ಕರಾವಳಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಪ್ರಶ್ನೆ: ಮಂಜಿ, ಪತ್ತೆಮಾರಿ ಕಟ್ಟುವಾಗ ಹಲಗೆಯ ಸಂದಿಗೆ ಹತ್ತಿ ತುಂಬುವ ಆ ಕೆಲಸಕ್ಕೆ ನಿಮ್ಮೂರಲ್ಲಿ ಏನನ್ನುತ್ತಾರೆ? ಅಜ್ಜಂದಿರನ್ನು ಕೇಳಿ ಹೇಳ್ತೀರಾ?